ಅಟ್ಟದಿಂದ ಇಳಿದ ವ್ಯಾಗನ್‌ಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ದೊಡ್ಡ ಅಳತೆಯ ಹಳೆಯ ಮಾದರಿ ರೈಲುಗಳ ಬಗ್ಗೆ, ಅದರಲ್ಲೂ ಗೂಡ್ಸ್ ವ್ಯಾಗನ್‌ಗಳ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಗೆ ಒಟ್ಟು ಮಾಡಿದ್ದೇವೆ. ಒಂದೇ ಸಂಗತಿ ಕೇಳಿದ ಪತ್ರಗಳನ್ನು ಒಂದಾಗಿಸಿ, ಊರಿನ ಹೆಸರು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಹಳೆ ಮನೆ ಬಿಚ್ಚುವಾಗ ಅಟ್ಟದ ಪೆಟ್ಟಿಗೆಯಲ್ಲಿ ತಗಡಿನ ವ್ಯಾಗನ್‌ಗಳು ಸಿಕ್ಕಿದವು. ಜೊತೆಗೆ ಪ್ಲಾಸ್ಟಿಕ್ಕಿನವು ಮೂರು ಇವೆ, ಗಾತ್ರದಲ್ಲಿ ಅವು ಬಹಳ ದೊಡ್ಡವು. ಎಲ್ಲವೂ ಒಂದೇ ಹಳಿಯ ಮೇಲೆ ಓಡುತ್ತವೆಯೇ? ಯಾವ ಕಾಲದವು ಎಂದು ಹೇಗೆ ತಿಳಿಯುವುದು? (ಉಪ್ಪಳ)

ಉತ್ತರ: ಡಬ್ಬದ ಗಾತ್ರ ನೋಡಿ ತೀರ್ಮಾನಿಸಬೇಡಿ, ಗಾಲಿ ಅಳೆಯಿರಿ. ಒಂದು ಆಕ್ಸಲ್‌ನ ಎರಡು ಗಾಲಿಗಳ, ಹಳಿಯಿಂದ ಜಾರದಂತೆ ತಡೆಯುವ ಎದ್ದ ಅಂಚುಗಳ, ಅಂದರೆ ಫ್ಲ್ಯಾಂಜ್‌ಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿಯಿರಿ. 30–31 ಮಿ.ಮೀ. ಆಸುಪಾಸು ಬಂದರೆ ಅದು ಹಳಿಗಳ ನಡುವೆ 32 ಮಿ.ಮೀ. ಅಂತರವಿರುವ (ಆ ಅಂತರವೇ ಗೇಜ್) ಓ ಗೇಜ್. 43–44 ಬಂದರೆ 45 ಮಿ.ಮೀ. ಹಳಿಯದ್ದು. ಗೊಂದಲ ಶುರುವಾಗುವುದು ಈ 45ರಲ್ಲಿ, ಏಕೆಂದರೆ ಆ ಹಳಿಗೆ ಎರಡು ಕುಟುಂಬಗಳಿವೆ. ಹಳೆಯದು ಗೇಜ್ 1. ಅದರಲ್ಲಿ 1435 ಮಿ.ಮೀ.ನ ಯುರೋಪಿನ ಸ್ಟ್ಯಾಂಡರ್ಡ್ ಗೇಜನ್ನು 32ರಲ್ಲಿ ಒಂದು ಭಾಗಕ್ಕೆ ಇಳಿಸಿದ್ದಾರೆ. ಇನ್ನೊಂದು 1968ರಲ್ಲಿ ನ್ಯೂರೆಂಬರ್ಗಿನ ಲೆಹ್ಮನ್ ಕಂಪನಿ ತಂದ ಎಲ್‌ಜಿಬಿ. ಅದು ಮೀಟರ್ ಗೇಜನ್ನು 22.5ರಲ್ಲಿ ಒಂದು ಭಾಗಕ್ಕೆ ಇಳಿಸುತ್ತದೆ. ಹಳಿ ಒಂದೇ, ಆದರೆ ಎರಡನ್ನೂ ಒಂದೇ ರೈಲಿಗೆ ಕಟ್ಟಿದರೆ ಒಂದರ ಬಾಗಿಲಲ್ಲಿ ಇನ್ನೊಂದರ ಗಾರ್ಡ್ ತಲೆ ಬಗ್ಗಿಸಿಯೇ ಹೋಗಬೇಕು! ನಿಮ್ಮ ದೊಡ್ಡ ಪ್ಲಾಸ್ಟಿಕ್ ವ್ಯಾಗನ್‌ಗಳು ಬಹುಶಃ ಈ ಎರಡನೆಯ ಕುಟುಂಬದವು.

ಕಾಲ ತಿಳಿಯಲು ಹೊಟ್ಟೆಯ ಕೆಳಗಿನ ಗುರುತು ಓದಿ. ಜಿಬಿಎನ್ ಎಂದಿದ್ದರೆ ಬಿಂಗ್ ಕಂಪನಿಯ ಹಳೆಯ ಮುದ್ರೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಅದು ಬಿಡಬ್ಲ್ಯು ಆಯಿತು. ‘ಯು.ಎಸ್. ಜೋನ್ ಜರ್ಮನಿ’ ಎಂದಿದ್ದರೆ ಎರಡನೇ ಯುದ್ಧ ಮುಗಿದ ನಂತರದ ಕೆಲವೇ ವರ್ಷಗಳದ್ದು. ‘ವೆಸ್ಟ್ ಜರ್ಮನಿ’ ಇದ್ದರೆ 1990ಕ್ಕೆ ಮುಂಚಿನದು. ಮೆಕಾನೊ ಲಿಮಿಟೆಡ್, ಲಿವರ್‌ಪೂಲ್ ಎಂದಿದ್ದರೆ ಹಾರ್ನ್‌ಬಿ. ಅವರ ಓ ಗೇಜ್ ರೈಲುಗಳು 1920ರಲ್ಲಿ ಶುರುವಾದವು. ಗುರುತಿನ ಮೇಲಿನ ಕೊಳೆ ತೆಗೆಯಲು ಉಗುರಿನಿಂದ ಕೆರೆಯಬೇಡಿ. ಆ ಮುದ್ರೆ ಹೋದರೆ ಬೆಲೆಯ ಅರ್ಧ ಭಾಗ ಅದರ ಜೊತೆಗೇ ಹೋಯಿತೆಂದು ತಿಳಿಯಿರಿ.

ಪ್ರಶ್ನೆ: ಹೊಸ ಎರಡು ಹಳಿಯ ಓ ಗೇಜ್ ಟ್ರ್ಯಾಕ್ ಹಾಕಿದ್ದೇನೆ. ಹಳೆಯ ತಗಡಿನ ವ್ಯಾಗನ್ ಇಟ್ಟ ಕೂಡಲೇ ಪವರ್ ಕಂಟ್ರೋಲರ್ ಟ್ರಿಪ್ ಆಗುತ್ತದೆ. ಗಾಲಿ ಬದಲಿಸಿದರೆ ಸಾಕೇ? (ಮಂಜೇಶ್ವರ)

ಉತ್ತರ: ಸಾಕು, ಆದರೆ ಯಾವ ಗಾಲಿ ಎನ್ನುವುದರಲ್ಲಿ ಎಲ್ಲವೂ ಇದೆ. ಹಳೆಯ ತಗಡಿನ ರೈಲುಗಳು ಕೀಲಿ ಕೊಟ್ಟು ಓಡುವಂಥವು, ಇಲ್ಲವೇ ಮೂರು ಹಳಿಯ ಕರೆಂಟಿನವು. ಮೂರು ಹಳಿಯಲ್ಲಿ ಕರೆಂಟ್ ನಡುವಿನ ಹಳಿಯಿಂದ ಬರುತ್ತದೆ, ಎರಡೂ ಬದಿಯ ಹಳಿಗಳು ಒಂದೇ ತಂತಿಗೆ ಸೇರಿರುತ್ತವೆ. ಆದ್ದರಿಂದ ಲೋಹದ ಗಾಲಿ, ಲೋಹದ ಆಕ್ಸಲ್ ಇದ್ದರೂ ತೊಂದರೆಯಿಲ್ಲ. ಎರಡು ಹಳಿಯ ಟ್ರ್ಯಾಕಿನಲ್ಲಿ ಅದೇ ಆಕ್ಸಲ್ ಪ್ಲಸ್ಸನ್ನೂ ಮೈನಸ್ಸನ್ನೂ ನೇರ ಜೋಡಿಸಿಬಿಡುತ್ತದೆ.

ಅಂಗಡಿಯಲ್ಲಿ ಸಿಗುವ ಗಾಲಿ ಸೆಟ್‌ಗಳಲ್ಲಿ ಒಂದು ಬದಿಗೆ ಮಾತ್ರ ಇನ್ಸುಲೇಶನ್ ಇರುವವು ಅಗ್ಗ. ಪ್ಲಾಸ್ಟಿಕ್ ವ್ಯಾಗನ್ನಿಗೆ ಅವು ಸರಿ. ನಿಮ್ಮದು ಇಡೀ ಮೈ ತಗಡು. ಮುಂದಿನ ಆಕ್ಸಲ್‌ನಲ್ಲಿ ಇನ್ಸುಲೇಶನ್ ಇಲ್ಲದ ಗಾಲಿ ಎಡಕ್ಕೂ, ಹಿಂದಿನದರಲ್ಲಿ ಬಲಕ್ಕೂ ಬಂದರೆ ಕರೆಂಟು ಮೈ ಮೂಲಕವೇ ದಾಟುತ್ತದೆ. ಎರಡನ್ನೂ ಒಂದೇ ಬದಿಗೆ ಹಾಕಿ ಜಾಣತನ ತೋರಿಸಿದರೂ, ಮುಂದೊಂದು ದಿನ ವ್ಯಾಗನ್ನನ್ನು ತಿರುಗಿಸಿ ಇಟ್ಟಾಗ ಅದರ ಲೋಹದ ಕೊಂಡಿ ಪಕ್ಕದ ವ್ಯಾಗನ್ನಿನ ಕೊಂಡಿಗೆ ತಾಗಿ ಶಾರ್ಟ್ ಆಗುತ್ತದೆ. ಈ ದೋಷ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಹುಡುಕುವವರ ತಾಳ್ಮೆ ಅಲ್ಲಿಯೇ ಮುಗಿಯುತ್ತದೆ. ಎರಡೂ ಗಾಲಿಗೆ ಇನ್ಸುಲೇಶನ್ ಇರುವ ಸೆಟ್ಟನ್ನೇ ತೆಗೆದುಕೊಳ್ಳಿ.

ಕೊಳ್ಳುವ ಮೊದಲು ನಾಲ್ಕು ಅಳತೆ ಬರೆದುಕೊಳ್ಳಿ: ಆಕ್ಸಲ್‌ನ ಪೂರ್ತಿ ಉದ್ದ, ಅದರ ದಪ್ಪ, ಗಾಲಿಯ ವ್ಯಾಸ, ಎರಡು ಗಾಲಿಗಳ ಒಳಮುಖಗಳ ನಡುವಿನ ಅಂತರ. ಕೊನೆಯದು ಮುಖ್ಯ. ಓ ಗೇಜಿನ ಫೈನ್ ಸ್ಕೇಲ್ ಹಳಿಗೆ ಈ ಅಂತರ 29 ಮಿ.ಮೀ. ಇರಬೇಕು, ಹಳೆಯ ಕೋರ್ಸ್ ಸ್ಕೇಲಿಗೆ 28. ತಗಡಿನ ಕಾಲದ ಗಾಲಿಗಳಲ್ಲಿ ಇದಕ್ಕಿಂತಲೂ ಕಡಿಮೆ ಇರುವುದುಂಟು. ಅಂಥ ಗಾಲಿ ನೇರ ಹಳಿಯಲ್ಲಿ ಚೆನ್ನಾಗಿ ಓಡಿ, ಹಳಿ ಕವಲೊಡೆಯುವ ಪಾಯಿಂಟ್ ಬಂದಾಗ ಅಲ್ಲಿನ ಪಕ್ಕದ ಕಾವಲು ಹಳಿಯ, ಅಂದರೆ ಚೆಕ್ ರೈಲ್ ಮೇಲೆ ಹತ್ತಿ ಕೂರುತ್ತದೆ. ಫ್ಲ್ಯಾಂಜಿನ ಆಳವನ್ನೂ ನೋಡಿ. ಕೋಡ್ 124 ಹಳಿಯ ಎತ್ತರ 3.15 ಮಿ.ಮೀ. ಮಾತ್ರ. ಆಳದ ಫ್ಲ್ಯಾಂಜ್ ಇದ್ದರೆ ಹಳಿ ಹಿಡಿದಿರುವ ಚೇರ್‌ಗಳಿಗೆ ಬಡಿದು ಟಕಟಕ ಎನ್ನುತ್ತದೆ.

ಹಳೆ ಆಕ್ಸಲ್ ತೆಗೆಯುವಾಗ ತಗಡಿನ ಕಿವಿಗಳನ್ನು ಬಿಚ್ಚಿ ಚಾಸಿ ಕಳಚಲು ಹೋಗಬೇಡಿ. ಆ ಕಿವಿಗಳು ಎರಡು ಮೂರು ಸಲ ಬಗ್ಗಿಸಿದರೆ ಬುಡದಲ್ಲಿ ತುಂಡಾಗುತ್ತವೆ. ಆಕ್ಸಲ್ ಕೂತಿರುವ ಪಕ್ಕದ ತಗಡನ್ನು ಹೆಬ್ಬೆರಳಿನಿಂದ ಆಕ್ಸಲ್ ಜಾರುವಷ್ಟೇ ಹೊರಗೆ ಒತ್ತಿ, ತೆಗೆದು, ಬಿಡಿ. ತಾನಾಗಿ ಜಾಗಕ್ಕೆ ಮರಳದಿದ್ದರೆ ನೀವು ಹೆಚ್ಚು ಒತ್ತಿದ್ದೀರಿ. ಹೊಸ ಆಕ್ಸಲ್ ತೂತಿಗಿಂತ ದಪ್ಪವಿದ್ದರೆ ತೂತು ದೊಡ್ಡದು ಮಾಡಬಾರದು, ಆಕ್ಸಲ್‌ನ ತುದಿಯನ್ನು ಲೇತ್‌ನಲ್ಲಿ ಸಣ್ಣದು ಮಾಡಿಸಿ. ತೆಳುವಿದ್ದರೆ ಹಿತ್ತಾಳೆ ಬುಶ್ ಹಾಕಿ. ತೆಗೆದ ಗಾಲಿಗಳನ್ನು ಯಾವ ವ್ಯಾಗನ್ನಿನವೆಂದು ಬರೆದ ಚೀಟಿಯೊಂದಿಗೆ ಜಿಪ್ ಕವರಿನಲ್ಲಿ ಹಾಕಿ ಅದೇ ವ್ಯಾಗನ್ನಿನ ಪೆಟ್ಟಿಗೆಯಲ್ಲಿಡಿ. ಕೊನೆಗೆ ಮಲ್ಟಿಮೀಟರಿನಲ್ಲಿ ಗಾಲಿಯಿಂದ ಗಾಲಿಗೆ, ಪ್ರತಿ ಗಾಲಿಯಿಂದ ಮೈಗೆ ಪರೀಕ್ಷಿಸಿ. ಎಲ್ಲಿಯೂ ಬೀಪ್ ಬರಬಾರದು.

ತೂಕದ ಮಾತೂ ಇದೆ. ಓ ಗೇಜಿಗೆ ಅಮೆರಿಕದ ಮಾದರಿ ರೈಲು ಸಂಘದವರ ಲೆಕ್ಕ 5 ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ 1 ಔನ್ಸ್. 6 ಇಂಚಿನ ವ್ಯಾಗನ್ನಿಗೆ 11 ಔನ್ಸ್, ಅಂದರೆ 312 ಗ್ರಾಂ. ಖಾಲಿ ತಗಡಿನ ವ್ಯಾಗನ್ ಅಷ್ಟು ತೂಗುವುದಿಲ್ಲ. ಮೈಗೆ ಅಂಟಿಸದೆ, ತೆರೆದ ವ್ಯಾಗನ್ನಿನೊಳಗೆ ಕೂರುವ ತಟ್ಟೆಯೊಂದನ್ನು ಮಾಡಿ ಅಡಿಯಲ್ಲಿ ಕಬ್ಬಿಣದ ಪಟ್ಟಿ, ಮೇಲೆ ಕಲ್ಲಿದ್ದಲಿನ ಚೂರು ಇಡಿ. 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಪಟ್ಟಿ 10 ಸೆಂ.ಮೀ.ಗೆ ಸುಮಾರು 59 ಗ್ರಾಂ ತೂಗುತ್ತದೆ. ಮೀನು ಹಿಡಿಯುವ ಗಾಳದ ಸೀಸದ ಗುಂಡು ಬೇಡ. ಮುಚ್ಚಿದ ಡಬ್ಬದೊಳಗೆ ಅದು ಬಿಳಿ ಪುಡಿಯಾಗುತ್ತದೆ.

ಪ್ರಶ್ನೆ: ಯುದ್ಧಪೂರ್ವದ ಎರಡು ವ್ಯಾಗನ್‌ಗಳ ಗಾಲಿಗಳು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿವೆ. ಸೂಪರ್ ಗ್ಲೂ ಹಾಕಿದರೂ ನಿಲ್ಲುತ್ತಿಲ್ಲ. ನಮ್ಮೂರಲ್ಲಿ ಲೇತ್‌ಗೆ ಬರವಿಲ್ಲ. ಹೊಸ ಗಾಲಿ ಮಾಡಿಸಬಹುದೇ? ಈ ಕಾಯಿಲೆ ಬೇರೆಯವಕ್ಕೂ ಹರಡುತ್ತದೆಯೇ? (ಹೊಸೂರು)

ಉತ್ತರ: ಹರಡುವುದಿಲ್ಲ. ಅದು ಎರಕ ಹೊಯ್ದ ದಿನವೇ ಒಳಗೆ ಸೇರಿದ ದೋಷ. ಸತುವಿನ ಮಿಶ್ರಲೋಹಕ್ಕೆ ಅತಿ ಶುದ್ಧ ಸತು ಬೇಕು. ಅದರಲ್ಲಿ ಸೀಸ, ತವರ ಅಥವಾ ಕ್ಯಾಡ್ಮಿಯಂ ತುಸು ಬೆರೆತರೂ ಅದು ಲೋಹದ ಹರಳುಗಳ ಅಂಚಿನಲ್ಲಿ ಕೂರುತ್ತದೆ. ಸೆಕೆ ಮತ್ತು ತೇವ ಸಿಕ್ಕಾಗ ಆ ಅಂಚುಗಳೇ ಕೊಳೆಯುತ್ತವೆ, ಲೋಹ ಊದುತ್ತದೆ, ಬಿರಿಯುತ್ತದೆ. ಅಂಟು, ವಾರ್ನಿಶ್, ಬಣ್ಣ ಯಾವುದೂ ಇದನ್ನು ನಿಲ್ಲಿಸದು. ನಿಮ್ಮ ಉಳಿದ ವ್ಯಾಗನ್‌ಗಳ ಗಾಲಿ, ಬಫರ್, ಆಕ್ಸಲ್ ಬಾಕ್ಸ್‌ಗಳನ್ನು ಭೂತಕನ್ನಡಿಯಲ್ಲಿ ನೋಡಿ. ಕೂದಲೆಳೆಯ ಬಿರುಕು ಇದ್ದರೆ, ಅಥವಾ ಒಂದೇ ಗಾಲಿಯ ವ್ಯಾಸ ಮೂರು ಕಡೆ ಅಳೆದಾಗ ಮೂರು ತರ ಬಂದರೆ ಅದೂ ಅದೇ ದಾರಿಯಲ್ಲಿದೆ. ಊದಿದ ಎರಕ ತಾನು ಕೂತ ತಗಡನ್ನೂ ಬಗ್ಗಿಸುತ್ತದೆ. ಪೂರ್ತಿ ಒಡೆಯುವವರೆಗೆ ಕಾಯದೆ ಬಿಚ್ಚಿಡಿ.

ಗಾಲಿ ಮಾಡಿಸುವುದು ಹೊಸೂರಿನಲ್ಲಿ ಕಷ್ಟವೇನಲ್ಲ. ಬಿಡಿಭಾಗದ ಜಾಬ್ ವರ್ಕ್ ಮಾಡುವ ಯಾವ ಶೆಡ್ಡಿಗೆ ಹೋದರೂ ಆಗುತ್ತದೆ. ಆದರೆ ‘ಇದೇ ತರ ಮಾಡಿಕೊಡಿ’ ಎಂದು ಪುಡಿಯಾದ ಗಾಲಿ ಕೊಟ್ಟರೆ ಊದಿದ ಅಳತೆಯೇ ಹೊಸದಕ್ಕೂ ಬರುತ್ತದೆ. ಕೆಡದ ಗಾಲಿಯೊಂದರಿಂದ ಅಳತೆ ತೆಗೆದು, ಚಿತ್ರ ಬರೆದು, ಅದರಲ್ಲಿ ಇಷ್ಟು ಕಾಣಿಸಿ:

ಹಳಿ ಮೇಲೆ ಉರುಳುವ ಟ್ರೆಡ್‌ಗೆ 3 ಡಿಗ್ರಿ ಇಳಿಜಾರು, ದೊಡ್ಡ ವ್ಯಾಸ ಫ್ಲ್ಯಾಂಜ್ ಕಡೆಗೆ. ಟ್ರೆಡ್ ಫ್ಲ್ಯಾಂಜಿಗೆ ಸೇರುವಲ್ಲಿ ಚೂಪು ಮೂಲೆ ಬೇಡ. ಓ ಗೇಜಿಗೆ ಅರ್ಧ ಮಿ.ಮೀ., 45 ಮಿ.ಮೀ. ಹಳಿಯದ್ದಕ್ಕೆ 1 ಮಿ.ಮೀ. ತ್ರಿಜ್ಯದ ದುಂಡು ಕೊಡಿ. ಫ್ಲ್ಯಾಂಜಿನ ತುದಿಯೂ ದುಂಡಗಿರಲಿ. ಒಂದು ಆಕ್ಸಲ್‌ನ ಎರಡು ಗಾಲಿಗಳ ವ್ಯಾಸದಲ್ಲಿ 0.05 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬರಬಾರದು. ಬಂದರೆ ವ್ಯಾಗನ್ ಸದಾ ಒಂದೇ ಬದಿಗೆ ಎಳೆಯುತ್ತದೆ. ಎಂಟು ಗಾಲಿ ಬೇಕಿದ್ದರೆ ಹತ್ತು ಮಾಡಿಸಿ. ಸೆಟ್ಟಿಂಗಿಗೇ ಹೆಚ್ಚು ಸಮಯ ಹೋಗುವುದು, ಎರಡು ಹೆಚ್ಚಾದರೆ ಖರ್ಚಿನಲ್ಲಿ ಗೊತ್ತಾಗುವುದಿಲ್ಲ.

ಲೋಹ ಯಾವುದು? ಇಎನ್1ಎ ಉಕ್ಕು ಬೆಣ್ಣೆಯಂತೆ ಕಡಿಯುತ್ತದೆ, ಹೊಸೂರಿನ ಹವೆಗೆ ಸಾಕು. ಕರಾವಳಿಯವರು ಹಿತ್ತಾಳೆ ಅಥವಾ 303 ಸ್ಟೇನ್‌ಲೆಸ್ ಆರಿಸಿ. ಇನ್ಸುಲೇಶನ್ ಬೇಕಿದ್ದರೆ, 3 ಮಿ.ಮೀ. ಆಕ್ಸಲ್‌ಗೆ ಗಾಲಿಯ ತೂತನ್ನು 6 ಮಿ.ಮೀ. ಮಾಡಿ ಅಸಿಟಾಲ್ ಬುಶ್ ಒತ್ತಿ ಕೂರಿಸಬೇಕು. ಅಂಗಡಿಯಲ್ಲಿ ಡೆಲ್ರಿನ್ ಎಂದೇ ಕೇಳಿ. ನೈಲಾನ್ ಕೊಡುತ್ತೇನೆಂದರೆ ಬೇಡವೆನ್ನಿ, ಅದು ತೇವ ಹೀರಿ ಊದುತ್ತದೆ. ಬುಶ್ಶಿನ ಹೊರ ವ್ಯಾಸ ತೂತಿಗಿಂತ 0.03ರಿಂದ 0.05 ಮಿ.ಮೀ. ಹೆಚ್ಚಿರಲಿ, ತೂತಿನೊಳಗೆ ಸಣ್ಣ ತೋಡೊಂದನ್ನು ಕಡಿದಿಟ್ಟರೆ ಹಿಡಿತ ಇನ್ನೂ ಗಟ್ಟಿ. ಅಸಿಟಾಲ್‌ಗೆ ಲಾಕ್‌ಟೈಟ್ ಅಂಟು ನೆಚ್ಚುವಂತೆ ಹಿಡಿಯುವುದಿಲ್ಲ, ಒತ್ತಡದ ಮೇಲೆಯೇ ನಿಲ್ಲಬೇಕು. ಬುಶ್ಶಿನ ಒಳತೂತನ್ನು ಒತ್ತಿದ ಮೇಲೆ ರೀಮರ್ ಹಾಕಿ ಮುಗಿಸಬೇಕು, ಮೊದಲೇ ಮುಗಿಸಿದರೆ ಒತ್ತುವಾಗ ಕಿರಿದಾಗುತ್ತದೆ. ಟ್ರೆಡ್ಡನ್ನು ಎಲ್ಲಕ್ಕಿಂತ ಕೊನೆಗೆ, ಗಾಲಿಯನ್ನು ಆಕ್ಸಲ್‌ಗೆ ಕೂರಿಸಿದ ಮೇಲೆ ಕಡಿಯಬೇಕು. ಗಾಲಿ ಅಲುಗಾಡದಿರುವ ಗುಟ್ಟು ಈ ಕ್ರಮದಲ್ಲಿದೆ. ಡಯಲ್ ಗೇಜಿನಲ್ಲಿ ತಿರುಗಿಸಿ ನೋಡಿದಾಗ ಏರಿಳಿತ 0.05 ಮಿ.ಮೀ. ಒಳಗಿದ್ದರೆ ಹಣ ಕೊಡಿ.

ಪ್ರಶ್ನೆ: ಪ್ರತಿ ಮಳೆಗಾಲ ಕಳೆದ ಮೇಲೆ ತಗಡಿನ ವ್ಯಾಗನ್‌ಗಳ ಗೀರುಗಳಲ್ಲಿ ತುಕ್ಕು, ರಟ್ಟಿನ ಪೆಟ್ಟಿಗೆಗಳಲ್ಲಿ ಬೂಸ್ಟು. ಕಪಾಟಿನಲ್ಲಿ ಕರ್ಪೂರ, ನುಸಿಗುಳಿಗೆ ಇಟ್ಟು ನೋಡಿದೆ. ತೆಂಗಿನೆಣ್ಣೆ ಸವರಬಹುದೇ? (ಕಾಸರಗೋಡು, ಬದಿಯಡ್ಕ)

ಉತ್ತರ: ತೆಂಗಿನೆಣ್ಣೆ ಅಡುಗೆಮನೆಯಲ್ಲೇ ಇರಲಿ. ಅದು ಕಮಟುತ್ತದೆ, ಧೂಳು ಹಿಡಿಯುತ್ತದೆ, ಡಿಸೆಂಬರ್ ಬೆಳಗಿನ ತಂಪಿಗೆ ಗಟ್ಟಿಯಾಗಿ ಆಕ್ಸಲ್ ಹಿಡಿದುಕೊಳ್ಳುತ್ತದೆ. ನುಸಿಗುಳಿಗೆಯನ್ನೂ ಕರ್ಪೂರವನ್ನೂ ಇವತ್ತೇ ತೆಗೆಯಿರಿ. ಅವುಗಳ ಆವಿ ಪಾಲಿಸ್ಟೈರಿನ್ ಪ್ಲಾಸ್ಟಿಕ್ಕನ್ನೂ ಕೆಲವು ಬಣ್ಣಗಳನ್ನೂ ಮೆತ್ತಗೆ ಮಾಡುತ್ತದೆ.

ತುಕ್ಕು ಗೀರಿನಲ್ಲೇ ಏಕೆ? ತಗಡು ಎಂದರೆ ತವರ ಲೇಪಿಸಿದ ಉಕ್ಕು. ಸತು ಲೇಪಿಸಿದ ಶೀಟಿನಲ್ಲಿ ಗೀರು ಬಿದ್ದರೆ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ತವರದ್ದು ತದ್ವಿರುದ್ಧ. ಗೀರು ಬಿದ್ದ ಜಾಗದಲ್ಲಿ ಕಬ್ಬಿಣವೇ ಮೊದಲು ಸವೆಯುತ್ತದೆ, ತವರ ಅದನ್ನು ಬೇಗ ಮಾಡುತ್ತದೆ. ನಿಮ್ಮ ಗಾಳಿಯಲ್ಲಿ ಕಡಲಿನ ಉಪ್ಪೂ ಇದೆ. ಹಾಗಾಗಿ ಗಾಳಿಯ ತೇವ ಕಡಿಮೆ ಮಾಡದೆ ಏನು ಸವರಿದರೂ ತಾತ್ಕಾಲಿಕ.

ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆ ತನ್ನಿ. 25 ಲೀಟರ್ ಪೆಟ್ಟಿಗೆಗೆ 250 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹತ್ತಿ ಬಟ್ಟೆಯ ಚೀಲದಲ್ಲಿ ಹಾಕಿಡಿ, ವ್ಯಾಗನ್ನಿಗೆ ನೇರ ತಾಗದಿರಲಿ. ಜೊತೆಗೆ ಸಣ್ಣ ಡಿಜಿಟಲ್ ತೇವಮಾಪಕ. ಅದರ ಅಂಕಿ 40ರಿಂದ 50ರ ಒಳಗಿರಬೇಕು, 60 ದಾಟಿದರೆ ಜೆಲ್ ಬದಲಿಸುವ ಹೊತ್ತು. ಅಗ್ಗದ ಮಾಪಕಗಳು ಸುಳ್ಳು ಹೇಳುತ್ತವೆ, ಆದ್ದರಿಂದ ಮೊದಲು ಪರೀಕ್ಷಿಸಿ: ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಸರಿನಂತಾಗುವಷ್ಟು ಮಾತ್ರ ನೀರು ಹನಿಸಿ, ಮಾಪಕದೊಂದಿಗೆ ಜಿಪ್ ಕವರಿನಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ 75 ತೋರಿಸಬೇಕು. 80 ತೋರಿಸಿದರೆ ಇನ್ನು ಮುಂದೆ 5 ಕಳೆದು ಓದಿ. ಬಣ್ಣ ಬದಲಾದ ಜೆಲ್ಲನ್ನು ಓವನ್‌ನಲ್ಲಿ 110–120 ಡಿಗ್ರಿಗೆ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ. ಪೆಟ್ಟಿಗೆ ತುಂಬುವ ಕೆಲಸ ಮೇ ತಿಂಗಳ ಒಣ ಮಧ್ಯಾಹ್ನದಲ್ಲೇ ಮುಗಿಯಲಿ. ಜೂನ್‌ನಲ್ಲಿ ಮುಚ್ಚಿದರೆ ಮಳೆಯ ಗಾಳಿಯನ್ನೂ ಒಳಗೆ ಸೇರಿಸಿ ಮುಚ್ಚಿದಂತೆ.

ಸುತ್ತಲು ಹಳೆ ಪೇಪರ್ ಬೇಡ, ರಬ್ಬರ್ ಬ್ಯಾಂಡ್ ಬೇಡ, ಹಳದಿ ಸ್ಪಂಜು ಅಂತೂ ಬೇಡವೇ ಬೇಡ. ಆ ಸ್ಪಂಜು ಕೆಲವು ವರ್ಷಕ್ಕೆ ಅಂಟಾಗಿ ಬಣ್ಣವನ್ನೇ ಕಿತ್ತುಕೊಂಡು ಬರುತ್ತದೆ. ಟಿವಿ ಪೆಟ್ಟಿಗೆಯಲ್ಲಿ ಬರುವ ಬಿಳಿ ಇಪಿಇ ಫೋಮ್ ಹಾಳೆ ಒಳ್ಳೆಯದು. ಹೊಸ ಪ್ಲೈವುಡ್ ಕಪಾಟು ಬಿಡುವ ಹುಳಿ ಆವಿಗೆ ಸೀಸದ ಭಾಗಗಳು ಬೆಳ್ಳಗಾಗುತ್ತವೆ; ಅದಕ್ಕಿಂತ ಹಳೆಯ ಸ್ಟೀಲ್ ಕಪಾಟು ವಾಸಿ.

ಈಗಾಗಲೇ ಬಂದ ತುಕ್ಕಿಗೆ: ಮುದ್ರಿತ ಚಿತ್ರವಿರುವ ಕಡೆ ಥಿನ್ನರ್, ಸ್ಪಿರಿಟ್, ಪೆಟ್ರೋಲ್, ಡಬ್ಲ್ಯುಡಿ-40 ಯಾವುದನ್ನೂ ತಾಗಿಸಬೇಡಿ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಮೆದು ಸೋಪು ಹಾಕಿ, ಹತ್ತಿಯನ್ನು ಹಿಂಡಿ, ಮೊದಲು ಕಾಣದ ಮೂಲೆಯಲ್ಲಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಚೆನ್ನಾಗಿ ಒಣಗಿಸಿ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸನ್ನು ತೆಳ್ಳಗೆ ಸವರಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿ. ಹೊಟ್ಟೆಯ ಕೆಳಗೆ, ಬಣ್ಣವಿಲ್ಲದ ಬರೀ ತುಕ್ಕಿಗೆ ಮಾತ್ರ ನೂರಕ್ಕೆ ಹತ್ತರ ಟ್ಯಾನಿಕ್ ಆಮ್ಲದ ನೀರನ್ನು ಸಣ್ಣ ಬ್ರಶ್‌ನಲ್ಲಿ ಹಚ್ಚಿ. ಒಂದು ದಿನದಲ್ಲಿ ಕಪ್ಪು ನೀಲಿಯಾಗಿ ನಿಲ್ಲುತ್ತದೆ, ಮೇಲೆ ವ್ಯಾಕ್ಸ್. ಅಂಗಡಿಯ ಫಾಸ್ಫಾರಿಕ್ ತುಕ್ಕುನಾಶಕ ಗೇಟಿಗೆ ಸರಿ, ಚಿತ್ರ ಮುದ್ರಿಸಿದ (ಲಿಥೋ) ತಗಡಿಗಲ್ಲ.

ಬೂಸ್ಟು ಹಿಡಿದ ರಟ್ಟಿನ ಪೆಟ್ಟಿಗೆಯನ್ನು ಬಿಸಿಲಿಗೆ ಹಾಕಿದರೆ ಮುದ್ರಣ ಮಾಸುತ್ತದೆ. ನೆರಳಲ್ಲಿ ಫ್ಯಾನ್ ಕೆಳಗೆ ಒಣಗಿಸಿ, ಮನೆಯ ಹೊರಗೆ ಮೆತ್ತನೆ ಬ್ರಶ್‌ನಿಂದ ಉದುರಿಸಿ, ವ್ಯಾಗನ್ನಿನಿಂದ ಬೇರೆಯಾಗಿಡಿ.

ಪ್ರಶ್ನೆ: ತಾರಸಿಯ ಮೇಲೆ ಎಲ್‌ಜಿಬಿ ಹಳಿ ಹಾಕಿದ್ದೇವೆ. ಹಳೆಯ ಪ್ಲಾಸ್ಟಿಕ್ ಗಾಲಿಯ ವ್ಯಾಗನ್‌ಗಳು ಬೆಳಗ್ಗೆ ಚೆನ್ನಾಗಿ ಓಡಿ ಮಧ್ಯಾಹ್ನ ಹಳಿ ತಪ್ಪುತ್ತವೆ. ಹಳಿಯ ಮೇಲೆ ಕಪ್ಪು ಮೇಣದಂಥ ಕೊಳೆ ಬೇರೆ. (ಆದೋನಿ)

ಉತ್ತರ: ಮಧ್ಯಾಹ್ನದ ತಪ್ಪು ವ್ಯಾಗನ್ನಿನದಲ್ಲ. ಹಿತ್ತಾಳೆ ಹಳಿ 3 ಮೀಟರ್ ಉದ್ದಕ್ಕೆ 40 ಡಿಗ್ರಿ ಬಿಸಿ ಏರಿದರೆ 2.3 ಮಿ.ಮೀ. ಹಿಗ್ಗುತ್ತದೆ. ಆದೋನಿಯ ಏಪ್ರಿಲ್ ತಾರಸಿಗೆ 40 ಡಿಗ್ರಿ ವ್ಯತ್ಯಾಸ ದೊಡ್ಡ ಮಾತಲ್ಲ. ಸಂದಿಯಿಲ್ಲದೆ ಬಿಗಿಯಾಗಿ ಜೋಡಿಸಿದ್ದರೆ ಹಳಿ ಬದಿಗೆ ಬಾಗಲೇಬೇಕು. ತಂಪು ಹೊತ್ತಿನಲ್ಲಿ ಜೋಡಿಸುವುದಾದರೆ 30 ಸೆಂ.ಮೀ.ನ ಪ್ರತಿ ತುಂಡಿಗೆ ಕಾಲು ಮಿ.ಮೀ. ಸಂದಿ ಬಿಡಿ, ಪೋಸ್ಟ್‌ಕಾರ್ಡ್ ತುಂಡೊಂದನ್ನು ನಡುವೆ ಹಿಡಿದರೆ ಅಂದಾಜು ಸಿಗುತ್ತದೆ. ಹಳಿಯನ್ನು ಸಿಮೆಂಟಿಗೆ ಸ್ಕ್ರೂ ಹೊಡೆದು ಕಟ್ಟಬೇಡಿ.

ಕಪ್ಪು ಕೊಳೆ ಪ್ಲಾಸ್ಟಿಕ್ ಗಾಲಿಯದ್ದು. ಅದು ಸವೆದ ಪುಡಿ, ಧೂಳು, ಎಣ್ಣೆ ಸೇರಿ ಟ್ರೆಡ್ ಮೇಲೆ ಪದರವಾಗಿ ಕೂರುತ್ತದೆ. ಲೋಹದ ಗಾಲಿ ಹಾಕಿದರೆ ಹಳಿ ಒರೆಸುವ ಕೆಲಸ ಬಹಳ ಕಡಿಮೆಯಾಗುತ್ತದೆ, ತೂಕ ಕೆಳಗೆ ಬರುವುದರಿಂದ ವ್ಯಾಗನ್ ಓಲಾಡುವುದೂ ನಿಲ್ಲುತ್ತದೆ. ಸದ್ದು ಮಾತ್ರ ಜೋರು. ಒಳಮುಖಗಳ ಅಂತರ 40 ಮಿ.ಮೀ.ಗಿಂತ ಕಡಿಮೆ ಇದ್ದರೆ ಹೊಸ ಗಾಲಿಯೂ ಪಾಯಿಂಟಿನಲ್ಲಿ ಹತ್ತುತ್ತದೆ, ಹಾಕುವ ಮೊದಲೇ ಅಳೆಯಿರಿ. ವ್ಯಾಗನ್ನನ್ನು ಕನ್ನಡಿಯ ಮೇಲಿಟ್ಟು ನಾಲ್ಕೂ ಗಾಲಿಯ ಅಡಿ ತೆಳು ಹಾಳೆ ತೂರಿಸಿ ನೋಡಿ. ಒಂದರಡಿ ಸಲೀಸಾಗಿ ಹೋದರೆ ಚಾಸಿ ತಿರುಚಿದೆ. ಎಣ್ಣೆಯ ಬದಲು ನಿಮ್ಮ ಊರಿನ ಧೂಳಿಗೆ ಗ್ರಾಫೈಟ್ ಪುಡಿ ಒಳ್ಳೆಯದು.

ಕೊಂಡಿ ಬದಲಿಸಿ ಕೇಡಿ (Kadee) ಕಂಪನಿಯದು ಹಾಕಬೇಕೆಂದಿದ್ದರೆ ಒಂದು ಎಚ್ಚರಿಕೆ. ನಿಮ್ಮ ತಿರುವು 600 ಮಿ.ಮೀ. ತ್ರಿಜ್ಯದ ಆರ್1 ಆಗಿದ್ದರೆ ಉದ್ದ ವ್ಯಾಗನ್ನಿನ ಮೈಗೆ ಕೊಂಡಿ ಕಟ್ಟಬೇಡಿ, ತಿರುವಿನಲ್ಲಿ ಅದು ಪಕ್ಕದ ವ್ಯಾಗನ್ನನ್ನು ಹಳಿಯಿಂದ ಎಳೆದು ಹಾಕುತ್ತದೆ. ವ್ಯಾಗನ್ನಿನಡಿ ತಿರುಗುವ ಗಾಲಿ ಚೌಕಟ್ಟಿಗೆ, ಅಂದರೆ ಬೋಗಿಗೇ ಕಟ್ಟಿ. ಎಲ್ಲ ವ್ಯಾಗನ್‌ಗಳ ಕೊಂಡಿ ಬದಲಿಸುವ ಅಗತ್ಯವೂ ಇಲ್ಲ. ಒಂದು ತುದಿಗೆ ಹಳೆ ಕೊಂಡಿ, ಇನ್ನೊಂದಕ್ಕೆ ಹೊಸದು ಇರುವ ಒಂದೇ ಒಂದು ವ್ಯಾಗನ್ ನಡುವೆ ಇದ್ದರೆ ಕೆಲಸ ನಡೆಯುತ್ತದೆ.

ಪ್ರಶ್ನೆ: ಎಲ್‌ಜಿಬಿ ಬೋಗಿ ವ್ಯಾಗನ್‌ಗಳನ್ನು ನಮ್ಮ ಜಿಲ್ಲೆಯ ಹಳೆ ಬಾರ್ಶಿ ಲೈಟ್ ರೈಲ್ವೆಯ ವ್ಯಾಗನ್‌ಗಳಾಗಿ ಮಾರ್ಪಡಿಸಬಹುದೇ? (ಅಕ್ಕಲಕೋಟೆ)

ಉತ್ತರ: ಲೆಕ್ಕ ಹಾಕಿದರೆ ಹೊಂದುವುದಿಲ್ಲ. ಬಾರ್ಶಿ ಹಳಿ 2 ಅಡಿ 6 ಇಂಚು, ಅಂದರೆ 762 ಮಿ.ಮೀ. ಎಲ್‌ಜಿಬಿಯ 45 ಮಿ.ಮೀ. ಹಳಿಯನ್ನು 22.5ರಿಂದ ಗುಣಿಸಿದರೆ 1012, ಅದು ಮೀಟರ್ ಗೇಜ್. ಎಲ್‌ಜಿಬಿ ವ್ಯಾಗನ್ನಿಗೆ ಒಪ್ಪುವುದು ನಿಮ್ಮ ಪಕ್ಕದ ಹೋಟಗಿ–ಗದಗ ಮಾರ್ಗದ ಮೀಟರ್ ಗೇಜ್ ಕಾಲ.

ಬಾರ್ಶಿಯೇ ಬೇಕೆಂದರೆ ಓ ಗೇಜಿನ 32 ಮಿ.ಮೀ. ಹಳಿ ತೆಗೆದುಕೊಂಡು 24ರಲ್ಲಿ ಒಂದು ಭಾಗದ ಅಳತೆಯಲ್ಲಿ ಕಟ್ಟಿ. 762ನ್ನು 24ರಿಂದ ಭಾಗಿಸಿದರೆ 31.75, ಕಾಲು ಮಿ.ಮೀ. ವ್ಯತ್ಯಾಸ ಕಣ್ಣಿಗೆ ಬೀಳದು. ಕಟ್ಟಲು ಇದು ಅನುಕೂಲದ ರೈಲ್ವೆ. 1897ರಲ್ಲಿ ಬಾರ್ಶಿ ರೋಡ್, ಅಂದರೆ ಇಂದಿನ ಕುರ್ಡುವಾಡಿಯಿಂದ ಬಾರ್ಶಿಗೆ ಮೊದಲ ಮಾರ್ಗ ಹಾಕಿದ ಎವರಾರ್ಡ್ ಕ್ಯಾಲ್ಥ್ರಾಪ್ ಆಕ್ಸಲ್‌ ಒಂದಕ್ಕೆ 5 ಟನ್ ಎಂಬ ಮಿತಿ ಇಟ್ಟುಕೊಂಡು, ಗೂಡ್ಸ್ ವ್ಯಾಗನ್‌ಗಳಿಗೆ ಒತ್ತಿದ ಉಕ್ಕಿನ ಒಂದೇ ಬಗೆಯ ಚಾಸಿ ಮಾಡಿಸಿದರು: 25 ಅಡಿ ಉದ್ದ, 7 ಅಡಿ ಅಗಲ. ನಿಮ್ಮ ಅಳತೆಯಲ್ಲಿ 317.5 ಮತ್ತು 88.9 ಮಿ.ಮೀ. ಒಂದು ಚಾಸಿ ಸರಿಯಾಗಿ ಮಾಡಿಕೊಂಡರೆ ಮೇಲೆ ತೆರೆದ ಡಬ್ಬ, ಮುಚ್ಚಿದ ಡಬ್ಬ ಯಾವುದನ್ನೂ ಕೂರಿಸಬಹುದು. ನೆಲಕ್ಕೆ 2 ಮಿ.ಮೀ., ಬದಿಗಳಿಗೆ 1.5 ಮಿ.ಮೀ. ಸ್ಟೈರಿನ್ ಶೀಟ್, ಚಾಸಿಯ ಉದ್ದ ಪಟ್ಟಿಗೆ ಅರ್ಧ ಮಿ.ಮೀ. ಹಿತ್ತಾಳೆ. ಸ್ಟೈರಿನ್ ಡಬ್ಬವನ್ನು ಪೂರ್ತಿ ಮುಚ್ಚಿಬಿಡಬೇಡಿ, ಅಂಟಿನ ಆವಿ ಒಳಗೇ ಉಳಿದು ತಿಂಗಳ ನಂತರ ಗೋಡೆ ಒಳಕ್ಕೆ ಬಾಗುತ್ತದೆ. ನೆಲದಲ್ಲಿ ಎರಡು ತೂತು ಬಿಡಿ.

ಪೆಟ್ಟಿಗೆ ಸಮೇತ ಉಳಿದ ಹಳೆ ಎಲ್‌ಜಿಬಿಗೆ ಗರಗಸ ಹಾಕಬೇಡಿ. ಕೊಂಡಿ ಮುರಿದ, ಪೆಟ್ಟಿಗೆಯಿಲ್ಲದ ವ್ಯಾಗನ್‌ಗಳು ಬೇಕಾದಷ್ಟಿವೆ.

ಪ್ರಶ್ನೆ: ಹಳೆ ಬ್ರೇಕ್ ವ್ಯಾನಿನ ಬಲ್ಬು ಚಾವಣಿಯನ್ನೇ ಕರಗಿಸುತ್ತಿದೆ. ಎಲ್‌ಇಡಿ ಹಾಕಿದೆ, ಪಾಯಿಂಟ್ ದಾಟುವಾಗಲೆಲ್ಲ ಮಿನುಗುತ್ತದೆ. (ಮಡಕಶಿರಾ)

ಉತ್ತರ: ಹಳಿಯ ಕರೆಂಟನ್ನು ಮೊದಲು ಬ್ರಿಡ್ಜ್ ರೆಕ್ಟಿಫೈಯರಿಗೆ ಕೊಡಿ, ಆಗ ರೈಲು ಹಿಂದೆ ಓಡಿದರೂ ದೀಪ ಉರಿಯುತ್ತದೆ. ನಂತರ 470 ಮೈಕ್ರೋಫ್ಯಾರಡ್, 35 ವೋಲ್ಟ್ ಕೆಪಾಸಿಟರ್. ಎರಡು ಬಿಳಿ ಎಲ್‌ಇಡಿ ಸರಣಿಯಲ್ಲಿದ್ದರೆ 6 ವೋಲ್ಟ್ ಬೇಕು. ಹಳಿಯಲ್ಲಿ 20 ವೋಲ್ಟ್, ಬ್ರಿಡ್ಜ್ ತಿನ್ನುವುದು 1.4, ಉಳಿದದ್ದು 12.6. 5 ಮಿಲಿಆಂಪಿಯರ್ ಸಾಕು, ಆದ್ದರಿಂದ 2.7 ಕಿಲೋಓಮ್, ಕಾಲು ವ್ಯಾಟ್ ರೆಸಿಸ್ಟರ್. ಕರೆಂಟು ತಪ್ಪಿದಾಗ ಕೆಪಾಸಿಟರ್ ಹತ್ತಿರ ಹತ್ತಿರ ಒಂದು ಸೆಕೆಂಡು ದೀಪ ಹಿಡಿದಿರುತ್ತದೆ, ಪಾಯಿಂಟ್ ದಾಟಲು ಅಷ್ಟು ಸಾಕು. ಬ್ರಿಡ್ಜ್ ಮತ್ತು ಕೆಪಾಸಿಟರಿನ ನಡುವೆ 100 ಓಮ್ ರೆಸಿಸ್ಟರ್ ಹಾಕಿ, ಇಲ್ಲದಿದ್ದರೆ ಐದಾರು ವ್ಯಾನ್ ಒಟ್ಟಿಗೆ ಹಳಿಗಿಟ್ಟಾಗ ಕಂಟ್ರೋಲರ್ ಶಾರ್ಟ್ ಎಂದು ತಿಳಿದು ನಿಲ್ಲುತ್ತದೆ. ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಎಸಿ ಹಳಿ ಇರುವವರು 50 ವೋಲ್ಟ್ ಕೆಪಾಸಿಟರ್ ಹಾಕಬೇಕು. ದಿಕ್ಕು ಬದಲಿಸುವಾಗ ಬರುವ 24 ವೋಲ್ಟ್ ಎಸಿಯ ಶಿಖರ 34ರ ಹತ್ತಿರ ಹೋಗುತ್ತದೆ. ಹಳೆ ಬಲ್ಬಿನ ಹೋಲ್ಡರ್ ಕೀಳಬೇಡಿ, ಅದರ ಪಕ್ಕದಿಂದ ತಂತಿ ಎಳೆಯಿರಿ.

ಪ್ರಶ್ನೆ: ಬಣ್ಣ ಮಾಸಿದ ತಗಡಿನ ವ್ಯಾಗನ್ನಿಗೆ ಹೊಸ ಬಣ್ಣ ಹೊಡೆಸಿದರೆ ಬೆಲೆ ಏರುತ್ತದೆಯೇ? (ರಾಯದುರ್ಗ)

ಉತ್ತರ: ಇಳಿಯುತ್ತದೆ. ಕೊಳ್ಳುವಾಗಲೂ ಇದನ್ನೇ ನೋಡಿ: ಮಡಚಿದ ಕಿವಿಗಳ ಸಂದಿಯೊಳಗೂ ಬಣ್ಣ ಹರಿದಿದ್ದರೆ, ಅಥವಾ ಯುವಿ ಟಾರ್ಚಿನಡಿ ಒಂದು ತುಂಡು ಮಾತ್ರ ಬೇರೆ ಹೊಳೆದರೆ ಅದು ಮರುಬಣ್ಣ. ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣ ಎಮೆರಿ ಹಾಳೆಯಿಂದ ಉಜ್ಜಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಪ್ರಶ್ನೆ: ಜರ್ಮನಿಯಿಂದ ಹಳೆ ವ್ಯಾಗನ್ ತರಿಸಿದರೆ ಸುಂಕ ಎಷ್ಟು? (ತಾಳವಾಡಿ)

ಉತ್ತರ: ಮಾದರಿ ರೈಲು ಕಸ್ಟಮ್ಸ್ ಸುಂಕದ ಪಟ್ಟಿಯಲ್ಲಿ ಆಟಿಕೆಗಳ 9503ನೇ ಶೀರ್ಷಿಕೆಯಲ್ಲೇ ಬರುತ್ತದೆ. ಮೂಲ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು, ಅದರ ಮೇಲೆ ಇತರ ತೆರಿಗೆಗಳು. ಆರ್ಡರ್ ಮಾಡುವ ದಿನದ ದರ ನೋಡಿಕೊಳ್ಳಿ. ಲೆಕ್ಕ ವಸ್ತುವಿನ ಬೆಲೆಗೆ ಮಾತ್ರವಲ್ಲ, ಅಂಚೆ ವೆಚ್ಚವೂ ಸೇರಿದ ಮೊತ್ತಕ್ಕೆ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾದ್ದರಿಂದ ಪಾರ್ಸೆಲ್ ತಡೆಯಲೂಬಹುದು. ವಸ್ತುವಿನ ವರ್ಷ, ಅದು ವಯಸ್ಕರ ಸಂಗ್ರಹದ್ದೆಂಬ ವಿವರ, ಪಾವತಿಯ ರಸೀದಿಯನ್ನು ಇನ್‌ವಾಯ್ಸ್ ಜೊತೆ ಹೊರಗೆ ಅಂಟಿಸಲು ಮಾರುವವರಿಗೆ ಹೇಳಿ. ಬರೀ ಗಾಲಿಗಾಗಿ ತರಿಸುವುದಾದರೆ ಮೊದಲು ಹೊಸೂರಿನ ಓದುಗರಿಗೆ ಕೊಟ್ಟ ಉತ್ತರ ಓದಿ.